ಹಳೆ ಜೀಪಿನ ಅಡಿಯಿಂದ ಸದ್ದು ಬರ್ತಿದೆಯಾ? ಹೌಸಿಂಗ್ ಬಿಚ್ಚಿಸುವ ಮೊದಲು ಇದನ್ನ ಓದಿ

ಹೊಸನಗರ: ಮಳೆ ಕಡಿಮೆಯಾಗಿ ಕೊಡಚಾದ್ರಿಗೆ ಜನ ಬರೋಕೆ ಶುರುವಾದರೆ ನಿಟ್ಟೂರು, ಕಟ್ಟಿನಹೊಳೆ, ಕೊಲ್ಲೂರು ಕಡೆಯ ಜೀಪುಗಳಿಗೆ ಪುರುಸೊತ್ತು ಇರಲ್ಲ. 1343 ಮೀಟರ್ ಎತ್ತರದ ಬೆಟ್ಟ, ಕಲ್ಲು ಎದ್ದ ದಾರಿ, ಹಿಂದೆ ಮುಂದೆ ಜನ ತುಂಬಿದ ಗಾಡಿ. ಇನ್ನು ಅಡಿಕೆ ತೋಟ, ಕಾಫಿ ತೋಟದ ಜೀಪುಗಳ ಕತೆ ಬೇರೆ. ಅವು ವರ್ಷಪೂರ್ತಿ ಹಳ್ಳ ದಾಟುತ್ತಲೇ ಇರುತ್ತವೆ. ಈ ಎರಡೂ ಕಡೆ ಕೇಳಿಬರುವ ದೂರು ಮಾತ್ರ ಒಂದೇ: "ಅಡಿಯಿಂದ ಏನೋ ಸದ್ದು ಬರ್ತಿದೆ."

ಇಂಥ ಸದ್ದಿಗೆ ಸಾಮಾನ್ಯವಾಗಿ ಏನಾಗುತ್ತೆ ನೋಡಿ. ಗಾಡಿ ಗ್ಯಾರೇಜಿಗೆ ಹೋಗುತ್ತೆ. ಒಂದು ರೌಂಡ್ ಓಡಿಸಿ ನೋಡಿ "ಹಿಂದಿನ ಹೌಸಿಂಗ್ ಹೋಗಿದೆ" ಅಂತ ತೀರ್ಮಾನ ಆಗುತ್ತೆ. ಕ್ರೌನ್ ಪಿನಿಯನ್ ಹೊಸದು ಬೀಳುತ್ತೆ, ಬೇರಿಂಗ್ ಬೀಳುತ್ತೆ, ನಾಲ್ಕು ದಿನ ಬಾಡಿಗೆ ತಪ್ಪುತ್ತೆ. ಐದನೇ ದಿನ ಗಾಡಿ ಹೊರಗೆ ಬಂದಾಗ ಅದೇ ಸದ್ದು ಹಾಗೇ ಇರುತ್ತೆ. ಕೊನೆಗೆ ನೋಡಿದರೆ ಗ್ರೀಸ್ ಕಾಣದ ಒಂದು ಪ್ರೊಪೆಲ್ಲರ್ ಶಾಫ್ಟ್ ಕ್ರಾಸು. ಇದಕ್ಕೆ ಉಲ್ಟಾ ಕೂಡ ಆಗುತ್ತೆ, ಅದು ಹೆಚ್ಚು ಅಪಾಯ. "ಹಳೆ ಗಾಡಿ ಅಲ್ವಾ, ಸದ್ದು ಇದ್ದದ್ದೇ" ಅಂತ ಬಿಟ್ಟ ಗರಗರ ಒಂದು ದಿನ ಇಳಿಜಾರಿನಲ್ಲಿ ಚಕ್ರವನ್ನೇ ಕಳಚಿ ಹಾಕಬಹುದು.

ಸದ್ದು ಎಲ್ಲಿಂದ ಬರ್ತಿದೆ ಅಂತ ಕಿವಿಯಿಂದ ಹೇಳೋದು ಕಷ್ಟ. ಜೀಪಿನ ಚಾಸಿಸ್ ಉಕ್ಕಿನದ್ದು, ಮುಂದೆ ಹುಟ್ಟಿದ ಸದ್ದು ಹಿಂದಿನ ಸೀಟಿನ ಕೆಳಗೆ ಕೇಳಿಸುತ್ತೆ. ಆದರೆ ಸದ್ದು *ಯಾವಾಗ* ಬರ್ತಿದೆ ಅಂತ ಯಾರು ಬೇಕಾದರೂ ಗಮನಿಸಬಹುದು. ಏರಿನಲ್ಲಾ, ಇಳಿಜಾರಿನಲ್ಲಾ? ಕ್ಲಚ್ ತುಳಿದಾಗಲಾ, ಬಿಟ್ಟಾಗಲಾ? ತಿರುವಿನಲ್ಲಿ ಮಾತ್ರವಾ? ಇದಕ್ಕೆ ಸರಿಯಾದ ಉತ್ತರ ಇದ್ದರೆ ಅರ್ಧ ರಿಪೇರಿ ಆದ ಹಾಗೆ.

ಯಾವ ಜೀಪಿನ ಮಾತು ಇದು?

ನಮ್ಮ ಕಡೆ ಈಗಲೂ ಓಡುತ್ತಿರುವ ಹಳೆ ಮಹೀಂದ್ರ ಫೋರ್ ವೀಲ್ ಜೀಪುಗಳದ್ದು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸೋಕೆ ಶುರುಮಾಡಿತು. ಆಮೇಲೆ ಬಂದ ಸಿಜೆ ಮಾದರಿಗಳು, 1980ರ ದಶಕದ ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂಎಂ 540, ಆಮೇಲಿನ ಎಂಎಂ 550, ಕಮಾಂಡರ್, ಮೇಜರ್. ಇವುಗಳ ಎಂಜಿನ್ ಬದಲಾಗಿದೆ, ಬಾಡಿ ಬದಲಾಗಿದೆ. ಆದರೆ ಅಡಿಯ ಲೆಕ್ಕಾಚಾರ ಹೆಚ್ಚುಕಡಿಮೆ ಹಳೇ ವಿಲ್ಲಿಸ್‌ದೇ. ಒಂದು ಗಾಡಿಯ ಗೇರ್ ಬಾಕ್ಸ್ ಇನ್ನೊಂದಕ್ಕೆ ಕೂರಿಸಿರುವುದೂ ಸಾಮಾನ್ಯ, ಹಾಗಾಗಿ ಆರ್‌ಸಿ ಬುಕ್ ನೋಡಿ ಸ್ಪೇರ್ ತರಬೇಡಿ, ಗಾಡಿ ಕೆಳಗೆ ನೋಡಿ ತನ್ನಿ.

ಶಕ್ತಿ ಹೋಗುವ ದಾರಿ ಹೀಗಿದೆ. ಎಂಜಿನ್, ಕ್ಲಚ್, ಗೇರ್ ಬಾಕ್ಸ್. ಅದರ ಬೆನ್ನಿಗೇ ಟ್ರಾನ್ಸ್‌ಫರ್ ಬಾಕ್ಸ್. ಅಲ್ಲಿಂದ ಹಿಂದಕ್ಕೊಂದು, ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್. ಪ್ರತಿ ಶಾಫ್ಟಿನ ಎರಡೂ ತುದಿಯಲ್ಲಿ ಒಂದೊಂದು ಕ್ರಾಸ್. ಆಮೇಲೆ ಹೌಸಿಂಗ್, ಅದರೊಳಗೆ ಪಿನಿಯನ್, ಕ್ರೌನ್, ಡಿಫರೆನ್ಷಿಯಲ್. ಕೊನೆಗೆ ಆಕ್ಸಲ್, ಬೇರಿಂಗ್, ಚಕ್ರ. ಈ ಸರಪಳಿಯನ್ನು ಅರ್ಧರ್ಧ ಕಡಿಯುತ್ತಾ ಹೋಗೋದೇ ಪರೀಕ್ಷೆ. ಗೇರ್ ಬಾಕ್ಸಿಗಿಂತ ಮುಂದಿನದ್ದಾ, ಹಿಂದಿನದ್ದಾ ಅಂತ ಮೊದಲು ತಿಳಿದರೆ ಹುಡುಕುವ ಜಾಗ ಅರ್ಧ ಆಗುತ್ತೆ.

ಖರ್ಚಿಲ್ಲದ ಪರೀಕ್ಷೆಗಳು

ಮೊದಲು ಗಾಡಿ ನಿಲ್ಲಿಸಿಯೇ ಕೇಳಿ. ನ್ಯೂಟ್ರಲ್‌ನಲ್ಲಿ ಸದ್ದು ಇದೆ, ಕ್ಲಚ್ ಪೂರ್ತಿ ತುಳಿದರೆ ನಿಲ್ಲುತ್ತೆ ಅಂದರೆ ಗೇರ್ ಬಾಕ್ಸಿನ ಮುಂದಿನ ಮೇನ್ ಬೇರಿಂಗ್ ಅಥವಾ ಲೇ ಶಾಫ್ಟ್ ಮೇಲೆ ಅನುಮಾನ. ಉಲ್ಟಾ, ಕ್ಲಚ್ ತುಳಿದಾಗ ಮಾತ್ರ ಕಿರ್ರ್ ಅಂದರೆ ರಿಲೀಸ್ ಬೇರಿಂಗ್. ಅದಕ್ಕಾಗಿ ಹೌಸಿಂಗ್ ಕಡೆ ತಿರುಗಿಯೂ ನೋಡಬೇಕಿಲ್ಲ.

ಎರಡನೆಯದಕ್ಕೆ ಸಮತಟ್ಟಾದ, ಖಾಲಿ ರೋಡ್ ಬೇಕು. 40 ಕಿ.ಮೀ. ವೇಗಕ್ಕೆ ಹೋಗಿ, ಸದ್ದು ಬರುವಾಗ ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ ಚಾಲೂ ಇರಲಿ. ಸದ್ದು ಹಾಗೇ ಮುಂದುವರಿದು ಗಾಡಿ ನಿಧಾನ ಆದ ಹಾಗೆ ಇಳಿದರೆ ಅದು ಟ್ರಾನ್ಸ್‌ಫರ್ ಬಾಕ್ಸಿನಿಂದ ಚಕ್ರದ ನಡುವಿನದ್ದು. ಎಂಜಿನ್ ಐಡಲ್‌ಗೆ ಇಳಿದ ಕೂಡಲೇ ಸದ್ದೂ ಸತ್ತರೆ ಎಂಜಿನ್, ಕ್ಲಚ್, ಗೇರ್ ಬಾಕ್ಸ್ ಕಡೆಯದ್ದು, ಇಲ್ಲವೇ ಲೋಡ್ ಬಿದ್ದಾಗ ಮಾತ್ರ ಕೂಗುವ ಕ್ರೌನ್ ಪಿನಿಯನ್ನು. ಈ ಪರೀಕ್ಷೆಯನ್ನ ಘಾಟಿಯಲ್ಲಿ, ಇಳಿಜಾರಿನಲ್ಲಿ ಮಾತ್ರ ಮಾಡಬೇಡಿ. ಎಂಜಿನ್ ಆಫ್ ಮಾಡಿಯಂತೂ ಬೇಡವೇ ಬೇಡ, ಬೂಸ್ಟರ್ ಇರುವ ಗಾಡಿಯಲ್ಲಿ ಎರಡು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತೆ.

ಮೂರನೆಯದು, ಒಂದೇ ವೇಗದಲ್ಲಿ ಎರಡು ಗೇರ್. 30 ಕಿ.ಮೀ.ನಲ್ಲಿ ಮೂರನೇ ಗೇರ್ ಹಾಕಿ ಕೇಳಿ, ಅದೇ ವೇಗದಲ್ಲಿ ನಾಲ್ಕನೇ ಗೇರ್ ಹಾಕಿ ಕೇಳಿ. ಸ್ವರ ಬದಲಾಗದಿದ್ದರೆ ಗೇರ್ ಬಾಕ್ಸಿನ ಹಿಂದಿನ ಸಾಮಾನು. ಒಂದು, ಎರಡು, ಮೂರರಲ್ಲಿ ಕೂಗಿ ನಾಲ್ಕರಲ್ಲಿ ಸುಮ್ಮನಾದರೆ ಲೇ ಶಾಫ್ಟಿನ ಬೇರಿಂಗೋ ಹಲ್ಲೋ ಸವೆದಿದೆ. ಯಾಕಂದ್ರೆ ಈ ಗೇರ್ ಬಾಕ್ಸುಗಳಲ್ಲಿ ನಾಲ್ಕನೇ ಗೇರ್ ನೇರ ಗೇರು, ಶಕ್ತಿ ಲೇ ಶಾಫ್ಟಿಗೆ ಇಳಿಯದೆ ಸೀದಾ ಹೋಗುತ್ತೆ. ಒಂದೇ ಒಂದು ಗೇರಿನಲ್ಲಿ ಸದ್ದಿದ್ದರೆ ಆ ಗೇರಿನ ಜೋಡಿಯನ್ನಷ್ಟೇ ನೋಡಿದರೆ ಸಾಕು.

ನಾಲ್ಕನೆಯದು ಜೀಪಿಗೆ ಮಾತ್ರ ಸಾಧ್ಯ. ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್ ಮಾಡಿ. ಈಗ ಗೇರ್ ಹಾಕಿ ಕ್ಲಚ್ ಬಿಟ್ಟರೂ ಗಾಡಿ ಚಲಿಸಲ್ಲ. ಗೇರ್ ಬಾಕ್ಸ್ ತಿರುಗುತ್ತೆ, ಹಳೇ ಮಾದರಿಯ ಟ್ರಾನ್ಸ್‌ಫರ್ ಬಾಕ್ಸಿನ ನಡುವಿನ ಗೇರೂ ತಿರುಗುತ್ತೆ, ಶಾಫ್ಟು ಹೌಸಿಂಗ್ ಸುಮ್ಮನಿರುತ್ತೆ. ಒಂದೊಂದೇ ಗೇರ್ ಹಾಕಿ ಸ್ವಲ್ಪ ರೇಸ್ ಕೊಡಿ. ಇಲ್ಲೇ ಸದ್ದು ಸಿಕ್ಕಿದರೆ ಹೌಸಿಂಗ್ ಬಿಚ್ಚುವ ಮಾತೇ ಇಲ್ಲ. ಸಿಗದಿದ್ದರೆ ಮಾತ್ರ ಗೇರ್ ಬಾಕ್ಸ್ ಚೆನ್ನಾಗಿದೆ ಅಂತ ಪ್ರಮಾಣ ಮಾಡೋಕಾಗಲ್ಲ, ಇಲ್ಲಿ ಲೋಡ್ ಇಲ್ಲವಲ್ಲ.

ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿ ಬಿಟ್ಟು, ಗೇರ್ ಹಾಕಿದೆ ಅಂತ ಇಳಿದು ಹೋಗುವವರಿದ್ದಾರೆ. ಆ ಗೇರ್ ಗಾಡಿಯನ್ನ ಹಿಡಿಯಲ್ಲ.

ಐದನೆಯದು ಮುಂದಿನ ಹಬ್. ಮುಂದಿನ ಚಕ್ರದಲ್ಲಿ ತಿರುಗಿಸುವ ಫ್ರೀ ವೀಲ್ ಹಬ್ ಇದ್ದರೆ ಎರಡೂ ಕಡೆ ಫ್ರೀ ಮಾಡಿ, ಟೂ ವೀಲ್‌ನಲ್ಲಿ ಓಡಿಸಿ. ಆಗ ಮುಂದಿನ ಆಕ್ಸಲ್, ಹೌಸಿಂಗ್, ಶಾಫ್ಟ್ ಯಾವುದೂ ತಿರುಗಲ್ಲ. ಸದ್ದು ಹೋಯ್ತಾ, ಮುಂದಿನದ್ದು. ಹಾಗೇ ಇದೆಯಾ, ಹಿಂದಿನದ್ದು ಅಥವಾ ಚಕ್ರದ ಬೇರಿಂಗು, ಟೈರು. ಒಂದು ನಿಮಿಷದ ಕೆಲಸ, ಆದರೆ ಹಬ್ ತುಕ್ಕು ಹಿಡಿದು ಎಷ್ಟೋ ವರ್ಷದಿಂದ ಲಾಕ್‌ನಲ್ಲೇ ಕೂತಿರುವ ಗಾಡಿಗಳೇ ಜಾಸ್ತಿ. ಅಂಥ ಗಾಡಿಯಲ್ಲಿ ಟೂ ವೀಲ್‌ನಲ್ಲಿದ್ದರೂ ಮುಂದಿನ ಶಾಫ್ಟ್ ಸುಮ್ಮನೆ ತಿರುಗಿ ಸವೆಯುತ್ತಿರುತ್ತೆ.

ಲೆಕ್ಕ ಹಾಕಿ: ಒಂದಾ, ಐದಾ?

ಟಕ್ ಟಕ್ ಅಥವಾ ಚೀಂ ಚೀಂ ಅಂತ ಬಿಟ್ಟು ಬಿಟ್ಟು ಬರುವ ಸದ್ದಿಗೆ ಒಂದು ಸುಲಭ ಲೆಕ್ಕ ಇದೆ. ಟೈರಿನ ಹೊರಬದಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಒಬ್ಬರು ನಡೆಯುವ ವೇಗದಲ್ಲಿ ಓಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ದೂರ ನಡೆಯುತ್ತಾ ಎಣಿಸಲಿ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಒಂದು ಸಲ ಸದ್ದು ಬಂದರೆ ಅದು ಚಕ್ರದ ಜೊತೆ ತಿರುಗುವ ಸಾಮಾನು: ಬ್ರೇಕ್ ಡ್ರಮ್ಮು, ಆಕ್ಸಲ್, ಹಲ್ಲು ಮುರಿದ ಕ್ರೌನ್, ಟೈರಿಗೆ ಚುಚ್ಚಿದ ಕಲ್ಲು. ನಾಲ್ಕೈದು ಸಲ ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಜೊತೆ ತಿರುಗುವಂಥದ್ದು. ಯಾಕಂದ್ರೆ ಈ ಜೀಪುಗಳಲ್ಲಿ ಚಕ್ರ ಒಂದು ಸುತ್ತು ಬಂದರೆ ಶಾಫ್ಟ್, ಮಾದರಿಗೆ ತಕ್ಕಂತೆ, ನಾಲ್ಕರಿಂದ ಐದೂವರೆ ಸುತ್ತು ಬರುತ್ತೆ.

ಸದ್ದಿನ ಪ್ರಕಾರ

*ಚೀಂ ಚೀಂ, ಗುಬ್ಬಿ ಕೂಗಿದ ಹಾಗೆ.* ನಿಧಾನಕ್ಕೆ ಹೋಗುವಾಗ ಕೇಳಿಸುತ್ತೆ, ವೇಗ ಹೆಚ್ಚಾದರೆ ಒಂದಕ್ಕೊಂದು ಸೇರಿಕೊಂಡು ಮುಚ್ಚಿಹೋಗುತ್ತೆ. ಕ್ರಾಸ್ ಒಣಗಿದೆ. ನಾಲ್ಕು ಕಪ್ಪಿನಿಂದಲೂ ಹೊಸ ಗ್ರೀಸ್ ಹೊರಬರುವವರೆಗೆ ಗನ್ ಹೊಡೆಸಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದು ಒಳಗೇ ತಿಂದುಹೋಗುತ್ತಿದೆ ಅಂತ ಅರ್ಥ. ಕಪ್ಪಿನ ಸುತ್ತ ಕುಂಕುಮದ ಹಾಗೆ ಕೆಂಪು ಪುಡಿ ಕಂಡರೆ ಗ್ರೀಸ್ ಹೊಡೆಸಿ ಪ್ರಯೋಜನ ಇಲ್ಲ, ಕ್ರಾಸ್ ಬದಲಿಸಿ. ಹಳ್ಳ ದಾಟುವ ಗಾಡಿಗೆ ಗ್ರೀಸ್ ವಿಷಯದಲ್ಲಿ ಕಿಲೋಮೀಟರ್ ಲೆಕ್ಕ ಇಟ್ಟುಕೊಳ್ಳೋದು ತಪ್ಪು, ನೀರಿಗೆ ಇಳಿದ ದಿನದ ಲೆಕ್ಕ ಇಡಬೇಕು.

*ಟಕ್ ಅಂತ ಒಂದೇ ಏಟು.* ಕ್ಲಚ್ ಬಿಟ್ಟಾಗ, ರಿವರ್ಸ್ ಹಾಕಿದಾಗ, ಎಕ್ಸಲೇಟರ್ ಬಿಟ್ಟು ಮತ್ತೆ ಕೊಟ್ಟಾಗ. ಎಲ್ಲೋ ಸಡಿಲ ಇದೆ, ಎಲ್ಲಿ ಅನ್ನೋದು ಪ್ರಶ್ನೆ. ಗಾಡಿ ನಿಲ್ಲಿಸಿ, ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ ಕೆಳಗೆ ಹೋಗಿ. ಶಾಫ್ಟನ್ನ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ. ಕ್ರಾಸಿನ ಎರಡೂ ಕಡೆಯ ಯೋಕ್ ಒಟ್ಟಿಗೆ ಅಲುಗಬೇಕು. ಒಂದು ಮೊದಲು, ಒಂದು ಆಮೇಲೆ ಅಲುಗಿದರೆ ಕ್ರಾಸ್. ಶಾಫ್ಟಿನ ನಡುವೆ ಉದ್ದ ಗಿಡ್ಡ ಆಗುವ ಸ್ಪ್ಲೈನ್ ಭಾಗ ಕುಲುಕಾಡಿದರೆ ಅದು ಸವೆದಿದೆ. ಪಿನಿಯನ್ ತುದಿಯ ಫ್ಲಾಂಜ್ ಮೇಲೆ ಕೆಳಗೆ ಅಲುಗಿದರೆ ಮಾತ್ರ ವಿಷಯ ಗಂಭೀರ, ಪಿನಿಯನ್ ಬೇರಿಂಗ್ ಸಡಿಲ ಆಗಿದೆ. ಫ್ಲಾಂಜ್ ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಪ್ಲೇ ಇರೋದು ಸಹಜ, ಮೇಲೆ ಕೆಳಗೆ ಪ್ಲೇ ಇರಲೇಬಾರದು.

ಇದೇ ಟಕ್ ಸದ್ದು ಸ್ಪ್ರಿಂಗಿನ ಯು ಬೋಲ್ಟ್ ಸಡಿಲ ಆದರೂ ಬರುತ್ತೆ, ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದರೂ ಬರುತ್ತೆ. ಒಂದು ಸ್ಪ್ಯಾನರ್ ಹಾಕಿ ನೋಡಿದರೆ ತಿಳಿಯುವ ಸಂಗತಿ ಇದು. ಕಲ್ಲು ದಾರಿಯ ಗಾಡಿಗೆ ಮೊದಲು ಅದನ್ನೇ ನೋಡಬೇಕು.

ಹಿಂದಿನ ಚಕ್ರದ ಹಬ್ಬನ್ನು ಮೊನೆಯಾದ ಆಕ್ಸಲ್ ತುದಿಗೆ ಕೀ ಹಾಕಿ ದೊಡ್ಡ ನಟ್ಟಿನಲ್ಲಿ ಬಿಗಿದಿರುವ ಹಳೇ ಮಾದರಿಯಿದ್ದರೆ ಇನ್ನೊಂದು ಎಚ್ಚರ. ಆ ನಟ್ ಸಡಿಲ ಆದರೂ ಇದೇ ಟಕ್ ಬರುತ್ತೆ. ಹಬ್ ಒಳಗೆ ಕುಲುಕಾಡಿ ಕೀ ತುಂಡಾಗುತ್ತೆ. ಕೀ ತುಂಡಾದರೆ ಎಂಜಿನ್ನಿನ ಎಳೆತ ಹೋಗುತ್ತೆ, ಡ್ರಮ್ ಹಬ್ಬಿನ ಜೊತೆ ಇರೋದ್ರಿಂದ ಆ ಚಕ್ರದ ಕಾಲಿನ ಬ್ರೇಕ್ ಹಿಡಿಯುತ್ತೆ, ಆದರೆ ಶಾಫ್ಟಿನ ಕಡೆಯಿಂದ ಯಾವ ತಡೆಯೂ ಸಿಗಲ್ಲ. ಅಂದರೆ ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಕೈಕೊಡುತ್ತೆ. ಹೊರಗಿನ ಕ್ಯಾಪ್ ತೆಗೆದು ನಟ್ ಬಿಗಿ ಇದೆಯಾ, ಪಿನ್ ಇದೆಯಾ ನೋಡೋದು ಹತ್ತು ನಿಮಿಷದ ಕೆಲಸ.

*ಊಂ... ಅಂತ ಕೂಗು.* ಜಾಸ್ತಿ ತಪ್ಪು ತೀರ್ಮಾನ ಆಗೋದು ಇದರಲ್ಲೇ, ಹಾಗಾಗಿ ನಿಧಾನವಾಗಿ ನೋಡೋಣ. ವೇಗದ ಜೊತೆ ಏರುವ ಕೂಗು ನಾಲ್ಕು ಕಡೆಯಿಂದ ಬರಬಹುದು: ಟೈರು, ಚಕ್ರದ ಬೇರಿಂಗು, ಟ್ರಾನ್ಸ್‌ಫರ್ ಬಾಕ್ಸು, ಕ್ರೌನ್ ಪಿನಿಯನ್ನು.

ಟೈರಿನ ಕೂಗು ಎಕ್ಸಲೇಟರ್ ಕೊಟ್ಟರೂ ಬಿಟ್ಟರೂ ಬದಲಾಗಲ್ಲ. ರೋಡ್ ಬದಲಾದರೆ ಬದಲಾಗುತ್ತೆ. ಹೊಸ ಟಾರಿನಿಂದ ಮಣ್ಣು ದಾರಿಗೆ ಇಳಿದ ಕೂಡಲೇ ಕೂಗು ಮಾಯ ಅಂದರೆ ಟೈರೇ. ದೊಡ್ಡ ಬಟನ್ ಟೈರ್ ಹಾಕಿಸಿದ ವಾರದಲ್ಲೇ "ಹೌಸಿಂಗ್ ಕೂಗ್ತಿದೆ" ಅನ್ನುವವರು ಇದನ್ನ ಮೊದಲು ನೋಡಿಕೊಳ್ಳಲಿ.

ಬೇರಿಂಗಿನದು ಸ್ವಲ್ಪ ಗರಗರ ಬೆರೆತ ಕೂಗು. ಖಾಲಿ ರೋಡಿನಲ್ಲಿ 30 ಕಿ.ಮೀ.ನಲ್ಲಿ ಸ್ಟೇರಿಂಗ್ ನಿಧಾನವಾಗಿ ಎಡಕ್ಕೆ, ಆಮೇಲೆ ಬಲಕ್ಕೆ ಎಳೆಯಿರಿ. ಎಡಕ್ಕೆ ತಿರುಗುವಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತೆ. ಆಗ ಸದ್ದು ಜಾಸ್ತಿ ಆದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ. ಉಲ್ಟಾ ಆದರೆ ಎಡಗಡೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಹಬ್ಬುಗಳ ಹತ್ತಿರ ಕೈಯ ಹಿಂಬದಿ ತನ್ನಿ, ಮುಟ್ಟೋಕೆ ಹೋಗಬೇಡಿ. ಮೂರು ಬೆಚ್ಚಗಿದ್ದು ಒಂದು ಸುಡುತ್ತಿದ್ದರೆ ಅಲ್ಲಿ ಬೇರಿಂಗ್ ಹೋಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಮುಂದಿನ ಚಕ್ರ ಜಾಕಿ ಕೊಟ್ಟು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಪ್ಲೇ ಸಿಕ್ಕಿದರೆ, ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಪ್ಲೇ ಹೋದರೆ ಚಕ್ರದ ಬೇರಿಂಗ್, ಹಾಗೇ ಉಳಿದರೆ ಕಿಂಗ್ ಪಿನ್.

ಟ್ರಾನ್ಸ್‌ಫರ್ ಬಾಕ್ಸ್ ವಿಷಯದಲ್ಲಿ ಒಂದು ಮಾತು. ಹಳೇ ವಿಲ್ಲಿಸ್ ಮಾದರಿಯ ಟ್ರಾನ್ಸ್‌ಫರ್ ಬಾಕ್ಸಿನಲ್ಲಿ ಟೂ ವೀಲ್‌ನಲ್ಲಿ ಓಡುವಾಗಲೂ ಶಕ್ತಿ ನಡುವಿನ ಒಂದು ಗೇರಿನ ಮೂಲಕವೇ ಹಾಯಬೇಕು. ಹಾಗಾಗಿ ಹೊಸದಿದ್ದಾಗಲೂ ಅದು ಪೂರ್ತಿ ನಿಶ್ಶಬ್ದ ಅಲ್ಲ. ಆ ನಡುವಿನ ಗೇರು ಕೂರುವ ಶಾಫ್ಟು, ಅದರ ಸಣ್ಣ ರೋಲರುಗಳು ಸವೆದಾಗ ಕೂಗು ಗರಗರಕ್ಕೆ ತಿರುಗುತ್ತೆ, ಲಿವರ್ ಕೈಯಲ್ಲಿ ನಡುಗುತ್ತೆ. ಲಿವರ್ ಹಿಡಿದು ನೋಡೋದು ಒಳ್ಳೆಯ ಪರೀಕ್ಷೆ. ಗೇರ್ ಲಿವರ್ ಸುಮ್ಮನಿದ್ದು ಟ್ರಾನ್ಸ್‌ಫರ್ ಲಿವರ್ ಮಾತ್ರ ನಡುಗಿದರೆ ಎಲ್ಲಿ ಬಿಚ್ಚಬೇಕು ಅಂತ ಗೊತ್ತಾಯ್ತು.

ಕ್ರೌನ್ ಪಿನಿಯನ್ ಕೂಗಿನ ಗುರುತು ಅಂದರೆ ಅದು ಎಕ್ಸಲೇಟರಿಗೆ ಉತ್ತರ ಕೊಡುತ್ತೆ. ಎಳೆಯುವಾಗ ಕೂಗಿ, ಬಿಟ್ಟಾಗ ನಿಲ್ಲುತ್ತೆ. ಇಲ್ಲವೇ ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಹಿಡಿದಾಗ ಮಾತ್ರ ಕೂಗುತ್ತೆ. ಹಲ್ಲಿನ ಒಂದು ಮುಖ ಎಳೆಯೋಕೆ, ಇನ್ನೊಂದು ಮುಖ ತಡೆಯೋಕೆ. ಯಾವ ಮುಖ ಸವೆದಿದೆಯೋ ಆ ಕೆಲಸದಲ್ಲಿ ಸದ್ದು. ಎರಡರಲ್ಲೂ ಗರಗರ ಇದ್ದರೆ ಹಲ್ಲಿಗಿಂತ ಪಿನಿಯನ್ ಬೇರಿಂಗ್ ಮೇಲೆ ಅನುಮಾನ ಜಾಸ್ತಿ. ನೇರ ಹೋಗುವಾಗ ಏನೂ ಇಲ್ಲ, ಟೂ ವೀಲ್‌ನಲ್ಲಿ ತಿರುವಿನಲ್ಲಿ ಮಾತ್ರ ಹಿಂದಿನಿಂದ ಸದ್ದು ಅಂದರೆ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು. ಅವು ನೇರ ದಾರಿಯಲ್ಲಿ ತಮ್ಮ ಪಿನ್ನಿನ ಮೇಲೆ ತಿರುಗುವುದೇ ಇಲ್ಲ.

ಈಗ ಖರ್ಚಿನ ವಿಷಯ. ವರ್ಷಗಟ್ಟಲೆಯಿಂದ ಒಂದೇ ಸ್ವರದಲ್ಲಿ ಸಣ್ಣಗೆ ಕೂಗುತ್ತಿದೆ, ಜಾಸ್ತಿ ಆಗ್ತಿಲ್ಲ, ಆಯಿಲಿನಲ್ಲಿ ಲೋಹದ ಚೂರಿಲ್ಲ, ಪಿನಿಯನ್ನಿನಲ್ಲಿ ಪ್ಲೇ ಇಲ್ಲ. ಅಂಥ ಹೌಸಿಂಗನ್ನ ಸದ್ದಿಗಾಗಿ ಮಾತ್ರ ಬಿಚ್ಚಿಸಬೇಡಿ. ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಉಜ್ಜಿಕೊಂಡು ಕೂತ ಜೋಡಿ. ಬೇರಿಂಗ್ ಬದಲಿಸಿ ಜಾಗ ಕೂದಲೆಳೆಯಷ್ಟು ಆಚೀಚೆ ಆದರೂ ಹಳೇ ಹಲ್ಲುಗಳು ಮೊದಲಿಗಿಂತ ಜೋರಾಗಿ ಕೂಗಬಹುದು. ಬದಲಿಸಲೇಬೇಕು ಅಂದರೆ ಕ್ರೌನ್ ಪಿನಿಯನ್ ಎರಡನ್ನೂ ಜೋಡಿಯಾಗಿ ಬದಲಿಸಬೇಕು, ಶಿಮ್ ಇಟ್ಟು, ಹಲ್ಲಿಗೆ ಬಣ್ಣ ಹಚ್ಚಿ ಎಲ್ಲಿ ತಾಗುತ್ತಿದೆ ಅಂತ ನೋಡಿ ಕೂರಿಸಬೇಕು. ಬಣ್ಣ ಹಚ್ಚದೆ ಅಂದಾಜಿನಲ್ಲಿ ಕೂರಿಸುವ ಕಡೆ ಈ ಕೆಲಸ ಕೊಡದಿರುವುದೇ ವಾಸಿ.

*ತಿರುಗಿಸುವಾಗ ಮುಂದಿನಿಂದ ಕಟಕಟ.* ಫೋರ್ ವೀಲ್ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬಂದರೆ ಮುಂದಿನ ಆಕ್ಸಲ್ ಜಾಯಿಂಟ್. ಆದರೆ ಟಾರ್ ರೋಡಿನಲ್ಲಿ ಫೋರ್ ಹಾಕಿದಾಗ ಸ್ಟೇರಿಂಗ್ ಬಿಗಿಯಾಗಿ, ಟೈರ್ ಕಿರುಚಿ, ಧಡ್ ಅಂತ ಏಟು ಬಂದರೆ ಅದು ಕೆಟ್ಟಿರೋದಲ್ಲ. ಈ ಜೀಪುಗಳಲ್ಲಿ ಮುಂದಿನ ಹಿಂದಿನ ಶಾಫ್ಟಿನ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು, ಹಿಂದಿನದು ಕಡಿಮೆ. ಮಣ್ಣಿನಲ್ಲಾದರೆ ಟೈರ್ ಜಾರಿ ಸರಿಹೋಗುತ್ತೆ, ಟಾರಿನಲ್ಲಿ ಜಾರೋಕಾಗದೆ ಬಿಗಿತ ಶಾಫ್ಟ್, ಗೇರಿನ ಮೇಲೆ ಕೂರುತ್ತೆ. ಮುಂದೆ ಹೊಸ ಟೈರ್, ಹಿಂದೆ ಬೋಳು ಟೈರ್ ಹಾಕಿದ್ದರೂ ಇದೇ ತೊಂದರೆ, ಅದೂ ನೇರ ದಾರಿಯಲ್ಲಿ.

ಆಯಿಲ್ ನೋಡದೆ ತೀರ್ಮಾನ ಬೇಡ

ಬಿಸಿಯಾದ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ. ಮೇಲಿನ ಬ್ರೀದರ್ ಕೆಸರು ಕಟ್ಟಿ ಮುಚ್ಚಿದ್ದರೆ ಗಾಳಿ ಬರಲು ದಾರಿ ಇಲ್ಲದೆ ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತೆ. ಆ ನೀರು ಆಯಿಲಿಗೆ ಬೆರೆತು ಹಾಲು ಹಾಕಿದ ಟೀ ಬಣ್ಣಕ್ಕೆ ಬರುತ್ತೆ, ಬೇರಿಂಗಿಗೆ ತುಕ್ಕು ಹಿಡಿಯುತ್ತೆ, ಎರಡು ತಿಂಗಳ ನಂತರ ಸದ್ದು ಶುರುವಾಗುತ್ತೆ. ಮಲೆನಾಡಿನ ಜೀಪುಗಳ ಎಷ್ಟೋ ಸದ್ದುಗಳ ಮೂಲ ಈ ಬೆರಳಗಾತ್ರದ ಬ್ರೀದರ್. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬಿಚ್ಚಿ ಡೀಸೆಲಿನಲ್ಲಿ ತೊಳೆದರೆ ಸಾಕು.

ಆಯಿಲ್ ಇಳಿಸುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತಾ ನೋಡಿ, ಆಮೇಲೆ ಕೆಳಗಿನದ್ದು. ಆಯಿಲೆಲ್ಲ ಇಳಿದ ಮೇಲೆ ಫಿಲ್ಲರ್ ಪ್ಲಗ್ ಬರದಿದ್ದರೆ ಗಾಡಿ ಅಲ್ಲೇ ಕೂರುತ್ತೆ. ಲೆವೆಲ್ ಅಂದರೆ ಫಿಲ್ಲರ್ ತೂತಿನ ಅಂಚಿನವರೆಗೆ, ಕಿರುಬೆರಳು ಹಾಕಿದರೆ ತಾಗಬೇಕು. ಗೇರ್ ಬಾಕ್ಸಿನಲ್ಲಿ ಕಡಿಮೆ ಆಗಿ ಟ್ರಾನ್ಸ್‌ಫರ್ ಬಾಕ್ಸಿನಲ್ಲಿ ಜಾಸ್ತಿ ಕಂಡರೆ ಹೆದರಬೇಡಿ, ಆಯಿಲ್ ಮಾಯ ಆಗಿಲ್ಲ. ಎರಡರ ನಡುವೆ ದಾಟಿದೆ. ಎರಡನ್ನೂ ಒಟ್ಟಿಗೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಹಳೇ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಬೂದಿಯಂಥ ನಯವಾದ ಪುಡಿ ಸಹಜ ಸವೆತ. ಗೇರ್ ಬಾಕ್ಸಿನ ಆಯಿಲಿನಲ್ಲಿ ಹೊಂಬಣ್ಣ ಹೊಳೆದರೆ ಹಿತ್ತಾಳೆ ರಿಂಗುಗಳು ಸವೆಯುತ್ತಿವೆ. ಕೈಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕಿದರೆ ಗಾಡಿ ಓಡಿಸಬೇಡಿ. ಹೊಸ ಆಯಿಲ್ ತರುವಾಗ "90 ಆಯಿಲ್" ಅಂತಷ್ಟೇ ಕೇಳಿದರೆ ಸಾಲದು. ಹೌಸಿಂಗಿಗೆ ಜಿಎಲ್ 5 ಬೇಕು. ಹಿತ್ತಾಳೆ ರಿಂಗಿರುವ ಹಳೇ ಗೇರ್ ಬಾಕ್ಸಿಗೆ ಜಿಎಲ್ 4 ವಾಸಿ, ಜಿಎಲ್ 5ರಲ್ಲಿರುವ ಜಾಸ್ತಿ ಕೆಮಿಕಲ್ ಹಿತ್ತಾಳೆಗೆ ಆಗಿಬರಲ್ಲ. ಡಬ್ಬದ ಮೇಲೆ ಬರೆದಿರುತ್ತೆ.

ಕೆಳಗೆ ಹೋಗುವ ಮುನ್ನ

ಬಹಳಷ್ಟು ಹಳೇ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಬಾಕ್ಸಿನ ಹಿಂದೆ ಶಾಫ್ಟಿನ ಮೇಲಿದೆ. ಅದು ಹಿಡಿಯೋದು ಶಾಫ್ಟನ್ನ. ಒಂದು ಹಿಂದಿನ ಚಕ್ರವನ್ನ ಜಾಕಿಯಲ್ಲಿ ಎತ್ತಿದಿರಿ ಅಂತಿಟ್ಟುಕೊಳ್ಳಿ. ಗಾಳಿಯಲ್ಲಿರುವ ಚಕ್ರ ಒಂದು ಕಡೆ ತಿರುಗಿದರೆ, ಡಿಫರೆನ್ಷಿಯಲ್ ಇರುವುದರಿಂದ ನೆಲದ ಮೇಲಿನ ಚಕ್ರ ಇನ್ನೊಂದು ಕಡೆ ತಿರುಗಬಹುದು. ಶಾಫ್ಟ್ ಅಲುಗಬೇಕಿಲ್ಲ. ಅಂದರೆ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದಿದ್ದರೂ, ಗೇರ್ ಹಾಕಿದ್ದರೂ ಗಾಡಿ ಜಾಕಿಯಿಂದ ಜಾರಿ ಉರುಳುತ್ತೆ. ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡದೆ ಕೆಳಗೆ ನುಗ್ಗಬೇಡಿ. ಜಾಕಿಯೊಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಲ್ಲವೇ ಗಟ್ಟಿ ಮರದ ದಿಮ್ಮಿ ಕೊಡಿ. ಶಾಫ್ಟ್ ಬಿಚ್ಚಿದಾಗಂತೂ ಈ ಮಾದರಿಯಲ್ಲಿ ಹ್ಯಾಂಡ್ ಬ್ರೇಕ್ ಇಲ್ಲವೇ ಇಲ್ಲ. ಎಂಜಿನ್ ಓಡುವಾಗ ಲುಂಗಿ, ಹೆಗಲ ಮೇಲಿನ ಟವೆಲ್ ಜೊತೆ ತಿರುಗುವ ಶಾಫ್ಟಿನ ಹತ್ತಿರ ಸುಳಿಯಬೇಡಿ.

ಯಾವುದಕ್ಕೆ ಬಾಡಿಗೆ ನಿಲ್ಲಿಸಬೇಕು?

ಗೇರ್ ಬಾಕ್ಸಿನ ಸಣ್ಣ ಕೂಗು, ಟ್ರಾನ್ಸ್‌ಫರ್ ಬಾಕ್ಸಿನ ಹಳೇ ಕೂಗು, ಒಣಗಿದ ಕ್ರಾಸಿನ ಚೀಂ ಚೀಂ, ಇವು ನಾಳೆ ನಾಡಿದ್ದಿನೊಳಗೆ ಮಾಡಿಸುವಂಥವು. ಸುಡುವ ಹಬ್ಬು, ಗರಗರ ಅನ್ನುವ ಹಿಂದಿನ ಚಕ್ರ, ಪ್ಲೇ ಬಂದ ಪಿನಿಯನ್, ಕೈಯಲ್ಲಿ ಕುಲುಕಾಡುವ ಕ್ರಾಸ್, ಆಯಿಲಿನಲ್ಲಿ ಚೂರು, ಇವುಗಳಲ್ಲಿ ಒಂದಿದ್ದರೂ ಜನ ಹತ್ತಿಸಿಕೊಂಡು ಬೆಟ್ಟಕ್ಕೆ ಹೋಗಬಾರದು. ಮುಂದಿನ ತುದಿಯ ಕ್ರಾಸ್ ಮುರಿದರೆ ಶಾಫ್ಟ್ ನೆಲಕ್ಕೆ ಬಿದ್ದು ಕಲ್ಲಿಗೆ ಊರಿಕೊಳ್ಳುತ್ತೆ. ಜೊತೆಗೆ ಮೇಲೆ ಹೇಳಿದ ಹಾಗೆ ಎಂಜಿನ್ ಬ್ರೇಕೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ. ಹಿಂದಿನ ಚಕ್ರದ ಒಳಬದಿಯಲ್ಲಿ ಆಯಿಲ್ ಇಳಿದ ಗುರುತು ಕಂಡರೂ ನಿಲ್ಲಿಸಿ. ಸೀಲ್ ಹೋಗಿ ಆಯಿಲ್ ಬ್ರೇಕ್ ಲೈನರಿಗೆ ತಲುಪಿರುತ್ತೆ, ಅದು ಯಾವ ಸದ್ದೂ ಮಾಡಲ್ಲ.

ಗ್ಯಾರೇಜಿಗೆ ಹೋದಾಗ "ಹೌಸಿಂಗ್ ಹೋಗಿದೆ ನೋಡಿ ಅಣ್ಣ" ಅನ್ನಬೇಡಿ. "30ರಲ್ಲಿ ಶುರುವಾಗುತ್ತೆ, ಎಕ್ಸಲೇಟರ್ ಬಿಟ್ಟರೆ ನಿಲ್ಲುತ್ತೆ, ಮೂರು ನಾಲ್ಕು ಎರಡೂ ಗೇರಿನಲ್ಲಿ ಒಂದೇ ಸ್ವರ, ಹಬ್ ಫ್ರೀ ಮಾಡಿದರೂ ಇದೆ" ಅಂತ ಹೇಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಅಷ್ಟು ಸಾಕು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವಾಗ ಫ್ಲಾಂಜಿಗೂ ಯೋಕಿಗೂ, ನಡುವಿನ ಸ್ಪ್ಲೈನಿನ ಎರಡೂ ಭಾಗಕ್ಕೂ ಪೇಂಟಿನಲ್ಲಿ ಗುರುತು ಹಾಕಿಸಿ. ಶಾಫ್ಟಿನ ಎರಡು ತುದಿಯ ಯೋಕ್ ಒಂದೇ ನೇರಕ್ಕೆ ಇರಬೇಕು. ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತರೂ ಹೊಸ ಕ್ರಾಸ್ ಹಾಕಿದ ಗಾಡಿ ನಡುಗುತ್ತೆ, ಮತ್ತೆ ಹೌಸಿಂಗ್ ಮೇಲೆ ಅನುಮಾನ ಬೀಳುತ್ತೆ.